ಓಂತಿ ತಲೆ ಕುಣಿಸುವುದು ಜಗಳಕ್ಕೋ, ಜೊತೆಗೋ?

ಪ್ರಶ್ನೆ (ಬದಿಯಡ್ಕ): ಮಾಷ್ಟ್ರೇ, ನಮ್ಮ ಹಿತ್ತಿಲಿನ ಮುರಕಲ್ಲಿನ ಪಾಗಾರದ ಮೇಲೆ ಕೆಂಪು ತಲೆಯ ಓಂತಿಯೊಂದು ದಿನಾ ಬೆಳಿಗ್ಗೆ ಕೂತು ತಲೆ ಕುಣಿಸುತ್ತದೆ. ನಿನ್ನೆ ಇನ್ನೊಂದರ ಕುತ್ತಿಗೆ ಕಚ್ಚಿ ಹಿಡಿದಿತ್ತು. ಜಗಳವಾ, ಜೊತೆ ಸೇರುವುದಾ? ಹೈಸ್ಕೂಲಿಗೆ ಹೋಗುವ ಮಗಳು ಇದನ್ನೇ ನೋಡಿ ಪ್ರಾಜೆಕ್ಟ್ ಬರೆಯುತ್ತೇನೆ ಎನ್ನುತ್ತಿದ್ದಾಳೆ. ಹೇಗೆ ನೋಡಬೇಕು?

ಉತ್ತರ (ಪ್ರಾಣಿಶಾಸ್ತ್ರ ಅಧ್ಯಾಪಕ, ಕಾಸರಗೋಡು): ಕೆಂಪು ತಲೆಯದ್ದನ್ನೇ ನೋಡುತ್ತಾ ಕೂತರೆ ಉತ್ತರ ಸಿಗುವುದಿಲ್ಲ ಅಮ್ಮ. ಅದರ ಎದುರಿಗಿರುವುದನ್ನು ನೋಡಿ. ಗಂಡು ಜಗಳಕ್ಕೂ ತಲೆ ಕುಣಿಸುತ್ತದೆ, ಹೆಣ್ಣಿಗೂ ಕುಣಿಸುತ್ತದೆ. ಮುಂಗಾಲೂರಿ ದಂಡ ಹೊಡೆಯುವುದೂ ಎರಡು ಕಡೆ ಇದೆ.

ನೀವು ಕಂಡದ್ದು ನಮ್ಮ ಸಾಮಾನ್ಯ ಓತಿಕೇತ, ಕ್ಯಾಲೋಟಿಸ್ ವರ್ಸಿಕಲರ್. ಕಾಡಂಚಿನ ತೋಟದಲ್ಲಿ ಹಸಿರು ಮೈಗೆ ಬಿಳಿ ಅಡ್ಡಪಟ್ಟೆಯಿರುವ ಇನ್ನೊಂದು ಜಾತಿಯಿದೆ. ಅದರ ಗಂಡಿಗೂ ತಲೆ ಕೆಂಪೇರುತ್ತದೆ, ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ಬೆದೆಯ ಕಾಲದಲ್ಲಿ ಗಂಡಿನ ತಲೆ, ಹೆಗಲು, ಎದೆ ಕೆಂಪೇರಿ ಗಂಟಲಿನ ಎರಡೂ ಬದಿಗೆ ಕಪ್ಪು ಮಚ್ಚೆ ಮೂಡುತ್ತದೆ. ಬಣ್ಣ ಇಳಿದಿದ್ದರೂ ಉಬ್ಬಿದ ಕೆನ್ನೆ, ದಪ್ಪಗಿರುವ ಬಾಲದ ಬುಡ ನೋಡಿ ಗಂಡೆಂದು ಹೇಳಬಹುದು. ಹೆಣ್ಣು ಸಣ್ಣದು, ಮಾಸಲು ಕಂದು. ಬೆನ್ನಿನ ಎರಡೂ ಅಂಚಿಗೆ ತಿಳಿ ಗೆರೆ ಇರುವುದುಂಟು.

ಎರಡೂ ಗಂಡಾದರೆ ಮೈಯನ್ನು ಪಕ್ಕದಿಂದ ಚಪ್ಪಟೆ ಮಾಡಿ, ಗಂಟಲು ಉಬ್ಬಿಸಿ, ಅಡ್ಡ ನಿಂತು ತಮ್ಮ ಗಾತ್ರ ತೋರಿಸಿಕೊಳ್ಳುತ್ತವೆ. ಸೋತದ್ದರ ಕೆಂಪು ಬೇಗನೆ ಇಳಿಯುತ್ತದೆ, ಅದು ಓಡುತ್ತದೆ, ಗೆದ್ದದ್ದು ಅಟ್ಟಿಕೊಂಡು ಹೋಗುತ್ತದೆ. ಹೆಣ್ಣಿನ ಮುಂದಾದರೆ ಗಂಡು ಮುಂಭಾಗ ಎತ್ತಿ ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ನಡುನಡುವೆ ಬಾಯಿಯನ್ನು ಬೇಗಬೇಗ ತೆರೆದು ಮುಚ್ಚುತ್ತದೆ, ಆಮೇಲೆ ಹತ್ತಿರ ಬರುತ್ತದೆ. ಇಲ್ಲಿಂದ ಮುಂದಿನದು ಹೆಣ್ಣಿನ ಕೈಯಲ್ಲಿದೆ. ಅದಕ್ಕೆ ಇಷ್ಟವಿಲ್ಲದಿದ್ದರೆ ಓಡುತ್ತದೆ, ಇಲ್ಲವೇ ಬಾಯಿ ಅಗಲಿಸಿ ಎದುರು ನಿಲ್ಲುತ್ತದೆ. ನಿಂತಲ್ಲೇ ನಿಂತರೆ ಗಂಡು ಕುತ್ತಿಗೆಯ ಮೇಲ್ಭಾಗವನ್ನು ಬಾಯಲ್ಲಿ ಹಿಡಿದು, ಮೇಲೇರಿ, ಬಾಲದ ಬುಡವನ್ನು ಅದರ ಬಾಲದಡಿಗೆ ತಿರುಚುತ್ತದೆ. ಗಂಡಿಗೆ ಜನನಾಂಗ ಎರಡಿದ್ದರೂ ಒಂದು ಸಲಕ್ಕೆ ಬಳಸುವುದು ಒಂದನ್ನೇ. ಹಾಗಾಗಿ ಮೈ ತಿರುಗಿದ್ದು ಎಡಕ್ಕೋ ಬಲಕ್ಕೋ ಎಂದು ಬರೆದಿಡುವುದು ಒಳ್ಳೆಯದು.

ನೀವು ಹೇಳಿದ ಕಚ್ಚು ಕುತ್ತಿಗೆಯ ಮೇಲೆ, ಬಾಲಗಳು ಒಂದರಡಿ ಒಂದು ಸೇರಿದ್ದರೆ ಅದು ಕೂಡುವುದೇ. ಕಚ್ಚು ದವಡೆಗೋ ಕಾಲಿಗೋ ಬಿದ್ದು ಎರಡೂ ಹೊರಳಾಡುತ್ತಿದ್ದರೆ ಜಗಳ. ಕಡ್ಡಿ ಹಾಕಿ ಬಿಡಿಸಲು ಹೋಗಬೇಡಿ. ಕುತ್ತಿಗೆಯ ಹಿಡಿತದಿಂದ ಹೆಣ್ಣು ಸಾಯುವುದಿಲ್ಲ.

ಮಗಳಿಗೆ: ಬಿಸಿಲು ಏರುವ ಎಂಟೂವರೆಯಿಂದ ಹನ್ನೊಂದರವರೆಗೆ ಒಳ್ಳೆಯ ಹೊತ್ತು. ಐದಾರು ಮೀಟರ್ ದೂರದಲ್ಲಿ, ಜಗಲಿಯಲ್ಲೋ ಕಿಟಕಿಯ ಹಿಂದೆಯೋ ಕೂತು, ಮೊದಲ ಹತ್ತು ನಿಮಿಷ ಏನೂ ಬರೆಯದೆ ಇರಲಿ. ಜನ ಬಂದದ್ದಕ್ಕೂ ಓಂತಿ ತಲೆ ಆಡಿಸುತ್ತದೆ. ಅದನ್ನು ಹೆಣ್ಣಿನ ಲೆಕ್ಕಕ್ಕೆ ಬರೆದರೆ ಇಡೀ ಪ್ರಾಜೆಕ್ಟ್ ಕೆಡುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಒಂದೇ ಪ್ರಾಣಿಯನ್ನು ಹಿಂಬಾಲಿಸಿ, ನಿಮಿಷಕ್ಕೊಂದು ಗೆರೆಯಂತೆ ಬರೆಯಬೇಕು: ಏನು ಮಾಡಿತು, ಎದುರಿಗೆ ಯಾರಿದ್ದರು, ಎಷ್ಟು ದೂರ, ಎದುರಿನದು ಏನು ಮಾಡಿತು. ಕೊನೆಯ ಕಲಂ ಖಾಲಿ ಬಿಡಬಾರದು. ತಲೆ ಆಡಿಸಿದ್ದನ್ನು ಕಣ್ಣಿನಲ್ಲಿ ಎಣಿಸುವುದು ಕಷ್ಟ. ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆದು ಆಮೇಲೆ ಎಣಿಸಲಿ. ಫ್ಲ್ಯಾಶ್ ಬೇಡ. ಬೈನಾಕ್ಯುಲರ್ ಇದ್ದರೆ ಎಂಟು ಪಟ್ಟಿನದು ಸಾಕು.

ಪ್ರಶ್ನೆ (ಬದಿಯಡ್ಕ): ದಿನಾ ಬರುವುದು ಅದೇ ಓಂತಿ ಎಂದು ಹೇಗೆ ಗೊತ್ತಾಗುವುದು? ಉಗುರಿನ ಬಣ್ಣ ಹಚ್ಚಬಹುದಾ?

ಉತ್ತರ: ಬೇಡವೇ ಬೇಡ. ಹಿಡಿದರೆ ಅದು ಆ ಜಾಗವನ್ನೇ ಬಿಡಬಹುದು, ಬಣ್ಣ ಕಾಗೆಯ ಕಣ್ಣಿಗೆ ಬೀಳುತ್ತದೆ, ಪೊರೆ ಕಳಚಿದಾಗ ಹೋಗಿಯೂ ಬಿಡುತ್ತದೆ. ಪಕ್ಕದಿಂದ ಫೋಟೋ ತೆಗೆದು ಗಾಯದ ಕಲೆ, ಮುರಿದ ಬೆನ್ನುಮುಳ್ಳು, ಬಾಲದ ತುದಿ ಹೋಲಿಸಿ. ಹಲ್ಲಿಯ ಹಾಗೆ ಓತಿಕೇತಕ್ಕೆ ತುಂಡಾದ ಬಾಲ ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಮೊಂಡು ಬಾಲ ಖಾಯಂ ಗುರುತು. ಬಣ್ಣವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಅದು ಗಳಿಗೆಗೊಮ್ಮೆ ಬದಲಾಗುತ್ತದೆ.

ಪ್ರಶ್ನೆ (ಹೊಸೂರು): ಸಾರ್, ನಮ್ಮ ಕಡೆ ಬಂಡೆ ಮೇಲಿನ ಓತಿಕ್ಯಾತಕ್ಕೂ ಇದೇ ಲೆಕ್ಕಾನಾ?

ಉತ್ತರ: ಅಲ್ಲ. ನಿಮ್ಮದು ಬಂಡೆ ಓತಿ, ಸಾಮೋಫೈಲಸ್ ಡಾರ್ಸಾಲಿಸ್. ಅಲ್ಲಿ ಬಣ್ಣವೇ ಅರ್ಧ ಉತ್ತರ ಹೇಳುತ್ತದೆ. ಗಂಡಿಗೆ ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕ ಕಿತ್ತಳೆ. ಹೆಣ್ಣಿನ ಮುಂದಾದರೆ ಬೆನ್ನು ಕೆಂಪು, ಪಕ್ಕ ಕಪ್ಪು. ದೂರದಿಂದಲೇ ಬರೆದುಕೊಳ್ಳಬಹುದು.

ಪ್ರಶ್ನೆ (ಪೆರ್ಲ): ನಮ್ಮ ಅಡಕೆ ತೋಟದಲ್ಲಿ ಕಂಗಿನಿಂದ ಕಂಗಿಗೆ ಹಾರುವ ಓತಿ ಹಳದಿ ನಾಲಿಗೆಯಂಥದ್ದನ್ನು ಹೊರಗೆ ಹಾಕಿ ಒಳಗೆ ಎಳೆಯುತ್ತದಲ್ಲ, ಅದೇನು?

ಉತ್ತರ: ಅದು ನಾಲಿಗೆಯಲ್ಲ, ಗಂಟಲಿನ ಕೆಳಗಿನ ಚರ್ಮದ ಮಡಿಕೆ. ಡ್ರಾಕೋ ಡುಸುಮಿಯೇರಿಯ ಗಂಡಿಗೆ ಅದು ಉದ್ದ, ನಿಂಬೆ ಹಳದಿ. ಹೆಣ್ಣಿಗೆ ಗಿಡ್ಡ, ನೀಲಿ ಛಾಯೆ. ಗಂಡು ತನ್ನ ಮರದಲ್ಲಿ ಕೂತು ಅದನ್ನು ಬೀಸುವುದು ಇತರ ಗಂಡುಗಳಿಗೆ ಎಚ್ಚರಿಕೆಯೂ ಹೌದು, ಹೆಣ್ಣಿಗೆ ಕರೆಯೂ ಹೌದು. ಇಲ್ಲೂ ಪಕ್ಕದ ಕಂಗಿನಲ್ಲಿ ಕೂತಿರುವುದು ಯಾರೆಂದು ಹುಡುಕಿ. ಮೈ ಬಣ್ಣ ಕಂಗಿನ ತೊಗಟೆಯದ್ದೇ ಆದ್ದರಿಂದ ಹೆಣ್ಣು ಕಣ್ಣಿಗೆ ಬೀಳುವುದು ನಿಧಾನ. ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿಯುತ್ತದೆ, ಮೂತಿಯಿಂದ ಮಣ್ಣು ಕೊರೆದು ನಾಲ್ಕರಷ್ಟು ಮೊಟ್ಟೆಯಿಟ್ಟು ಮುಚ್ಚುತ್ತದೆ.

ಗುಂಪಿನ ಇನ್ನೊಬ್ಬ ಸದಸ್ಯ (ಕೃಷಿಕ, ಮುಳ್ಳೇರಿಯ): ಒಂದು ಮಾತು ಸೇರಿಸುತ್ತೇನೆ. ಮೊಟ್ಟೆಯಿಡಲು ಕೂತ ಓಂತಿ ಯಂತ್ರದ ಶಬ್ದಕ್ಕೂ ಜಾಗ ಬಿಟ್ಟು ಏಳುವುದಿಲ್ಲ. ಹುಲ್ಲು ಕತ್ತರಿಸುವ ಮೊದಲು ಕಟ್ಟಪುಣಿ (ಗದ್ದೆಯ ಬದು), ಅಂಗಳದ ಅಂಚು, ಬುಡ ಬಿಡಿಸಿದ ಮೆತ್ತನೆ ಮಣ್ಣು ಒಮ್ಮೆ ನೋಡಿ. ಬೋರ್ಡೋ (ಅಡಕೆಯ ಕೊಳೆರೋಗದ ಮದ್ದು) ಬಿಡುವ ದಿನ ಕಂಗಿಗೆ ಜನ ಹತ್ತಿರುತ್ತಾರೆ, ಆ ದಿನದ ಲೆಕ್ಕವನ್ನು ಬೇರೆ ದಿನದ್ದಕ್ಕೆ ಹೋಲಿಸಬೇಡಿ.

ಪ್ರಶ್ನೆ (ಕುಂಬಳೆ): ಓಂತಿ ದೂರದಿಂದಲೇ ರಕ್ತ ಹೀರಿ ತಲೆ ಕೆಂಪಾಗುವುದೆಂದು ನಮ್ಮಲ್ಲಿ ಮಕ್ಕಳು ಹೊಕ್ಕುಳು ಮುಚ್ಚಿಕೊಳ್ಳುತ್ತಾರೆ. ಕಲ್ಲೂ ಹೊಡೆಯುತ್ತಾರೆ.

ಉತ್ತರ: ರಕ್ತ ಹೀರುವುದಿಲ್ಲ, ವಿಷವೂ ಇಲ್ಲ. ಆ ಕೆಂಪು ಅದರದೇ ಚರ್ಮದ ಬಣ್ಣ, ಬೆದೆ ಮುಗಿದಾಗ ಇಳಿಯುತ್ತದೆ. ಕಲ್ಲೇಟು ಹೆಚ್ಚಾಗಿ ಬೀಳುವುದು ಬಣ್ಣ ತೋರಿಸಲು ಎತ್ತರದಲ್ಲಿ ಕೂತ ಗಂಡಿಗೇ. ದಯವಿಟ್ಟು ಮಕ್ಕಳನ್ನು ತಡೆಯಿರಿ.

ಪ್ರಶ್ನೆ (ಬದಿಯಡ್ಕ): ಕೂಡಿದ ಎಷ್ಟು ದಿನಕ್ಕೆ ಮೊಟ್ಟೆ? ತರಕಾರಿ ಸಾಲು ಅಗೆಯುವಾಗ ಸಿಕ್ಕಿದರೆ?

ಉತ್ತರ: ದಿನ ಹೇಳಲಾಗದು. ಹೆಣ್ಣು ಗಂಡಿನ ವೀರ್ಯವನ್ನು ಒಳಗೆ ಕೂಡಿಟ್ಟುಕೊಂಡು ಆಮೇಲೆ ಬಳಸಬಲ್ಲದು. ಮಳೆ ತಡವಾಗಿ ಮಣ್ಣು ಗಟ್ಟಿಯಾಗಿದ್ದರೆ ಮೊಟ್ಟೆಯನ್ನೂ ಹೊಟ್ಟೆಯಲ್ಲೇ ತಡೆಹಿಡಿಯುತ್ತದೆ. ಹೊಟ್ಟೆ ಎರಡೂ ಬದಿಗೆ ಉಬ್ಬಿ, ಅದು ಗಂಡನ್ನು ಹತ್ತಿರ ಬಿಡದಿದ್ದರೆ ಮೊಟ್ಟೆಯಿಡುವ ದಿನ ಹತ್ತಿರದಲ್ಲೇ ಇದೆಯೆಂದು ತಿಳಿಯಿರಿ. ಮಳೆ ಬಿದ್ದ ಮೇಲೆ ಒದ್ದೆ ಮಣ್ಣಿನಲ್ಲಿ ಗುಂಡಿ ತೋಡಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮೊಟ್ಟೆಯಿಟ್ಟು, ಮೂತಿಯಿಂದ ತಟ್ಟಿ ಮುಚ್ಚುತ್ತದೆ. ಮೊಟ್ಟೆ ಬಿಳಿ, ಚರ್ಮದಂಥ ಮೆತ್ತನೆ ಸಿಪ್ಪೆ, ಒಂದು ಸೆಂಟಿಮೀಟರಿಗಿಂತ ತುಸು ಉದ್ದ. ನೀರು ಹೀರಿ ಆಮೇಲೆ ಉಬ್ಬುತ್ತದೆ.

ಅಗೆಯುವಾಗ ಸಿಕ್ಕಿದರೆ ಅಲ್ಲಾಡಿಸುವ ಮೊದಲು ಪ್ರತಿಯೊಂದರ ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಚುಕ್ಕೆಯಿಡಿ. ಭ್ರೂಣ ಒಳಗೆ ಒಂದು ಬದಿಗೆ ಅಂಟಿರುತ್ತದೆ, ಮಗುಚಿದರೆ ಸಾಯಬಹುದು. ಚುಕ್ಕೆ ಮೇಲಿರುವಂತೆ ಅದೇ ಗುಂಡಿಯಲ್ಲಿ, ಆಗದಿದ್ದರೆ ಅದರ ಪಕ್ಕದಲ್ಲೇ ಇಟ್ಟು ನಾಲ್ಕು ಬೆರಳಿನಷ್ಟು ಹಸಿ ಮಣ್ಣು ಮುಚ್ಚಿ. ಮಣ್ಣನ್ನು ಹಿಂಡಿದರೆ ನೀರು ಇಳಿಯಬಾರದು. ಕೆಸರಾದರೆ ಮೊಟ್ಟೆ ಕೊಳೆಯುತ್ತದೆ. ಡಬ್ಬಿಯಲ್ಲಿ ಹಾಕಿ ಮನೆಯೊಳಗೆ ಒಯ್ಯಬೇಡಿ. ಈ ಜಾತಿಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಮೊಟ್ಟೆಗೆ ಸಿಗುವ ಶಾಖವನ್ನು ಅವಲಂಬಿಸಿದೆ ಎಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿದೆ. ಮರಿ ಹೊರಬರಲು ಸುಮಾರು ಆರೇಳು ವಾರ ಬೇಕು, ಅಷ್ಟು ದಿನ ಆ ಸಾಲಿಗೆ ಹಾರೆ ಹಾಕಬೇಡಿ.