ಗುತ್ತಿಗೆದಾರರ ‘ದರ್ಜೆ’: ಮೊತ್ತದ ಮಾತೋ, ಗುಣದ ಮಾತೋ?

ಬಲ್ಲವರೆಲ್ಲರಿಗೂ ನಮಸ್ಕಾರ.

ಸರ್ಕಾರಿ ಕಾಮಗಾರಿಗಳ ಟೆಂಡರ್ ಪ್ರಕಟಣೆಗಳಲ್ಲಿ ದಿನಬೆಳಗಾದರೆ ಅಚ್ಚಾಗುವ ‘ದರ್ಜೆ’ ಎಂಬ ಪದದ ಬಗ್ಗೆ ನನಗೊಂದು ಸಂದೇಹವಿದೆ. ‘ಲೋಕೋಪಯೋಗಿ ಇಲಾಖೆಯಲ್ಲಿ ನೋಂದಾಯಿತರಾದ ಸೂಕ್ತ ದರ್ಜೆಯ ಗುತ್ತಿಗೆದಾರರಿಂದ ಟೆಂಡರುಗಳನ್ನು ಆಹ್ವಾನಿಸಲಾಗಿದೆ’ ಎಂಬ ಧಾಟಿಯ ಸಾಲನ್ನು ಪತ್ರಿಕೆ ಓದುವವರೆಲ್ಲ ಕಂಡಿರುತ್ತಾರೆ. ಇಂಗ್ಲಿಷಿನ ‘ಕ್ಲಾಸ್’ ಎಂಬುದಕ್ಕೆ ಬದಲಾಗಿ ಇಲ್ಲಿ ದರ್ಜೆ ಬಂದಿದೆ. ಆದರೆ ಆ ವ್ಯವಸ್ಥೆ ಹೇಳಬೇಕಾದುದನ್ನು ಈ ಪದ ಹೇಳುತ್ತದೆಯೇ, ಇಲ್ಲವಾದರೆ ಅದರ ಜಾಗದಲ್ಲಿ ಯಾವುದನ್ನು ಇಡಬೇಕು ಎಂಬುದು ನನ್ನ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಗುತ್ತಿಗೆದಾರರಿಗೆ ನೋಂದಣಿಯ ಅರ್ಜಿ, ಟೆಂಡರಿನ ಕಾಗದಪತ್ರ ಸಿದ್ಧಪಡಿಸಿಕೊಡುವ ಕೆಲಸದಲ್ಲಿದ್ದೇನೆ. ಹೊಸದಾಗಿ ಈ ಕಸುಬಿಗೆ ಇಳಿಯುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿಯನ್ನೂ ಬರೆಯುತ್ತಿದ್ದೇನೆ. ಪದದ ಬಗೆಗಿನ ಈ ಚಿಂತೆ ನನ್ನಲ್ಲಿ ಮೊದಲು ಹುಟ್ಟಿದ್ದು ಕೈಪಿಡಿಯಿಂದಲ್ಲ, ಕಳೆದ ಮಳೆಗಾಲದಲ್ಲಿ ಶಿರಹಟ್ಟಿ ಕಡೆಯಿಂದ ಬಂದ ಒಬ್ಬ ಗವಂಡಿಯ ಮಾತಿನಿಂದ. ಆತ ತನ್ನ ನೋಂದಣಿ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹಾಳೆಯೊಳಗಿಂದ ಮೆಲ್ಲಗೆ ಹೊರತೆಗೆದು ನನ್ನ ಮೇಜಿನ ಮೇಲಿಟ್ಟು, ಅಂಕಿ ಇದ್ದ ಜಾಗದ ಮೇಲೆ ಬೆರಳೂರಿ, ಇದು ಏನು ಎಂದು ಕೇಳಿದ. ನಾಲ್ಕನೇ ದರ್ಜೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆತ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಸರ, ನಮ್ಮ ಅಜ್ಜನ ಕಾಲದಿಂದ ಗವಂಡಿ ಕೆಲಸ ಮಾಡ್ಕೋತ ಬಂದೇವಿ. ನಾ ಕಟ್ಟಿದ ಗ್ವಾಡಿಗೆ ಓಳಂಬ ಹಿಡದು ನೋಡ್ರಿ, ಒಂದು ನೂಲು ಆಚೀಚೆ ಇರಂಗಿಲ್ಲ. ನನ್ನ ಕೆಲಸ ನಾಲ್ಕನೇ ದರ್ಜೇದು ಅಂತ ಅವರು ಯಾವಾಗ ಬಂದು ನೋಡಿ ಬರದ್ರು?”

ಯಾರೂ ಬಂದು ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಏಕೆಂದರೆ ಆ ಅಂಕಿ ಗೋಡೆಯ ನೇರಕ್ಕೆ ಸಂಬಂಧಿಸಿದ್ದೇ ಅಲ್ಲ. ನಮ್ಮ ರಾಜ್ಯದ ಲೋಕೋಪಯೋಗಿ ಇಲಾಖೆಯ ನೋಂದಣಿಯಲ್ಲಿ ಒಂದರಿಂದ ನಾಲ್ಕರವರೆಗೆ ಕ್ಲಾಸುಗಳಿವೆ. ಅರ್ಜಿದಾರನ ಹಣದ ತ್ರಾಣ, ಆ ತ್ರಾಣವನ್ನು ದೃಢಪಡಿಸುವ ಬ್ಯಾಂಕಿನ ಸಾಲ್ವೆನ್ಸಿ ಪತ್ರ, ಹಿಂದೆ ಮುಗಿಸಿದ ಕಾಮಗಾರಿಗಳ ಮೊತ್ತ ಇಂಥವುಗಳನ್ನು ನೋಡಿ, ಆತ ಎಷ್ಟು ರೂಪಾಯಿವರೆಗಿನ ಕೆಲಸಕ್ಕೆ ಟೆಂಡರ್ ಹಾಕಬಹುದು ಎಂಬುದನ್ನು ಆ ಕ್ಲಾಸು ಗೊತ್ತುಪಡಿಸುತ್ತದೆ. ಒಂದನೆಯದಕ್ಕೆ ಮೇಲ್ಮಿತಿ ಇಲ್ಲ, ನಾಲ್ಕನೆಯದರ ಮಿತಿ ಎಲ್ಲಕ್ಕಿಂತ ಕಡಿಮೆ. ಕೆಲಸದ ಗುಣವನ್ನು ನೋಡುವ ಏರ್ಪಾಡುಗಳು ಬೇರೆ ಇವೆ. ದೊಡ್ಡ ಕಾಮಗಾರಿಗಳಲ್ಲಿ ತಾಂತ್ರಿಕ ವಿವರವನ್ನೂ ದರವನ್ನೂ ಬೇರೆ ಬೇರೆ ಲಕೋಟೆಗಳಲ್ಲಿ ಪಡೆಯುವ ದ್ವಿಲಕೋಟೆ ಪದ್ಧತಿಯ ತಾಂತ್ರಿಕ ಲಕೋಟೆ, ಕೆಲಸ ನಡೆಯುವಾಗ ಎಂಜಿನಿಯರರ ತಪಾಸಣೆ ಮತ್ತು ಅಳತೆ ಪುಸ್ತಕ, ಮುಗಿದ ಮೇಲೆ ದೋಷಗಳಿಗೆ ಹೊಣೆಯಾಗಬೇಕಾದ ಅವಧಿ, ಈ ಎಲ್ಲ ಕಡೆ ಗುಣದ ಪ್ರಶ್ನೆ ಬರುತ್ತದೆ. ಪ್ರಮಾಣಪತ್ರದ ಮೇಲಿನ ಆ ಅಂಕಿಯಲ್ಲಿ ಅದು ಬರುವುದಿಲ್ಲ.

ಆದರೆ ಕನ್ನಡದ ಕಿವಿಗೆ ದರ್ಜೆ ಎಂದರೆ ಏನು? ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಎಂದರೆ ಚೆನ್ನಾಗಿ ಓದಿದವನು. ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ ಎಂದರೆ ದ್ವಿತೀಯ ದರ್ಜೆಯವನಿಗಿಂತ ಮೇಲಿನವನು. ‘ಮೂರನೇ ದರ್ಜೆಯ ಮಾಲು’ ಎಂದರೆ ಬೈಗುಳವೇ ಸರಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ಸುಕ್ಕು, ಒಣಗಿದ ಹದ ನೋಡಿ ಮಾಲನ್ನು ಬೇರೆ ಮಾಡುತ್ತಾರಲ್ಲ, ಅದು ನಿಜವಾದ ಅರ್ಥದಲ್ಲಿ ದರ್ಜೆ ಹಚ್ಚುವುದು. ಅಲ್ಲಿ ಚೀಲವೆಷ್ಟು ಎಂಬುದಕ್ಕೂ ದರ್ಜೆಗೂ ಸಂಬಂಧವಿಲ್ಲ. ಗುತ್ತಿಗೆದಾರರ ವಿಷಯದಲ್ಲಿ ನಾವು ಮಾಡುತ್ತಿರುವುದು ಚೀಲ ಎಣಿಸಿ ಕಾಯಿಗೆ ದರ್ಜೆ ಹಚ್ಚಿದಂತೆ. ಪದಕ್ಕೆ ಅಂಟಿದ ಈ ಅರ್ಥವನ್ನು ಜನ ಎಷ್ಟು ಸಹಜವಾಗಿ ಒಪ್ಪಿದ್ದಾರೆ ಎಂಬುದಕ್ಕೆ ಮನೆಗಳ ಫಲಕಗಳನ್ನು ನೋಡಿದರೆ ಸಾಕು. ಧಾರವಾಡದಲ್ಲಿ, ಗದಗಿನಲ್ಲಿ ಗೇಟಿನ ಪಕ್ಕದ ಕಲ್ಲಿನ ಮೇಲೆ, ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ‘ಪ್ರಥಮ ದರ್ಜೆ ಗುತ್ತಿಗೆದಾರರು’ ಎಂದು ಹಾಕಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ‘ನಾಲ್ಕನೇ ದರ್ಜೆ ಗುತ್ತಿಗೆದಾರರು’ ಎಂಬ ಫಲಕವನ್ನು ಈವರೆಗೆ ಒಂದನ್ನೂ ಕಂಡಿಲ್ಲ.

ದರ್ಜೆಯನ್ನು ಬಿಟ್ಟು ‘ವರ್ಗ’ ಎನ್ನೋಣವೆಂದು ಮೊದಲು ಯೋಚಿಸಿದೆ. ಕೆಲವು ಪ್ರಕಟಣೆಗಳಲ್ಲಿ ಆ ಪದವೂ ಇದೆ. ಆದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಮುಂದೆ ತಿದ್ದುಪಡಿಗಳಾಗಿ, ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95ರಷ್ಟು ಕಾಮಗಾರಿಗಳನ್ನು ಮೀಸಲಿಡುವ ಏರ್ಪಾಡು ಬಂತು; ಆ ಬಳಿಕ ಮಿತಿ ಏರಿತು, ಹಿಂದುಳಿದ ವರ್ಗಗಳ ಪ್ರವರ್ಗ 1 ಮತ್ತು 2ಎ ಕೂಡ ಸೇರಿದವು. ಹೀಗಾಗಿ ಈಗ ಟೆಂಡರ್ ಪ್ರಕಟಣೆಯ ಒಂದೇ ಕೋಷ್ಟಕದಲ್ಲಿ ಒಂದು ಕಾಲಮಿನಲ್ಲಿ ಮೀಸಲಾತಿಯ ವರ್ಗ, ಪಕ್ಕದ ಕಾಲಮಿನಲ್ಲಿ ಗುತ್ತಿಗೆದಾರನ ಕ್ಲಾಸು ಇರಬೇಕಾಗುತ್ತದೆ. ಎರಡಕ್ಕೂ ವರ್ಗವೆಂದೇ ಬರೆದರೆ ‘ಪ್ರವರ್ಗ 1ರ ನಾಲ್ಕನೇ ವರ್ಗದ ಗುತ್ತಿಗೆದಾರ’ ಎಂಬಂಥ ಮಾತು ಹುಟ್ಟುತ್ತದೆ. ಅದು ಬರಿಯ ಗೊಂದಲವಲ್ಲ, ಅರ್ಥ ಮಾಡಿಕೊಳ್ಳದೆ ಅರ್ಜಿ ಹಾಕಿದವನ ಠೇವಣಿಯ ಪ್ರಶ್ನೆ. ಆದ್ದರಿಂದ ವರ್ಗ ನನ್ನ ಮಟ್ಟಿಗೆ ಆಗದು.

‘ಶ್ರೇಣಿ’ ಇದೆ. ವೇತನ ಶ್ರೇಣಿ ಎನ್ನುವಾಗ ಅದು ಇಷ್ಟರಿಂದ ಇಷ್ಟರವರೆಗೆ ಎಂಬ ಮೊತ್ತದ ಹರವನ್ನೇ ಹೇಳುತ್ತದೆ, ನೌಕರನ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಹೇಳುವುದಿಲ್ಲ. ಈ ದೃಷ್ಟಿಯಿಂದ ಅದು ದರ್ಜೆಗಿಂತ ನಮ್ಮ ವಿಷಯಕ್ಕೆ ಹತ್ತಿರ.

ಕೈಪಿಡಿಯಲ್ಲಿ ಹೊರದೇಶಗಳ ಪದ್ಧತಿಯ ಬಗ್ಗೆ ಒಂದು ಅಧ್ಯಾಯ ಬರೆಯುವಾಗ ಈ ತೊಡಕು ಇನ್ನೊಂದು ರೂಪದಲ್ಲಿ ಎದುರಾಯಿತು. ದಕ್ಷಿಣ ಆಫ್ರಿಕಾದಲ್ಲಿ 2000ನೇ ಇಸವಿಯ 38ನೇ ಅಧಿನಿಯಮದ ಪ್ರಕಾರ ನಿರ್ಮಾಣ ಉದ್ಯಮ ಅಭಿವೃದ್ಧಿ ಮಂಡಳಿಯೊಂದಿದ್ದು, ಸರ್ಕಾರಿ ನಿರ್ಮಾಣ ಕೆಲಸ ಹಿಡಿಯಬೇಕಾದರೆ ಗುತ್ತಿಗೆದಾರರು ಆ ಮಂಡಳಿಯ ದಾಖಲೆಯಲ್ಲಿ ಹೆಸರು ಸೇರಿಸಬೇಕು. ಅಲ್ಲಿ 1ರಿಂದ 9ರವರೆಗೆ ಗ್ರೇಡುಗಳು. 1 ಎಂದರೆ ಎಲ್ಲಕ್ಕಿಂತ ಸಣ್ಣ ಮೊತ್ತ, 9 ಎಂದರೆ ಮಿತಿಯೇ ಇಲ್ಲ. ಮಲೇಷ್ಯಾದಲ್ಲಿಯೂ ಹೀಗೆಯೇ: ಜಿ1ರಿಂದ ಜಿ7ರವರೆಗೆ ಏರುತ್ತ ಹೋಗಿ ಜಿ7ಕ್ಕೆ ಮಿತಿ ಇಲ್ಲ. ಸಿಂಗಪುರದಲ್ಲಿ ಮಾತ್ರ ನಮ್ಮಂತೆ ತಲೆ ಮೊದಲು. ಅಲ್ಲಿಯ ಕಟ್ಟಡ ಮತ್ತು ಸಿವಿಲ್ ಕಾಮಗಾರಿಗಳ ಪಟ್ಟಿಯಲ್ಲಿ ಎ1 ಎಲ್ಲಕ್ಕಿಂತ ಮೇಲೆ, ಸಿ3 ಕೆಳಗೆ. ನಾನು ಮೊದಲ ಕರಡಿನಲ್ಲಿ ದಕ್ಷಿಣ ಆಫ್ರಿಕಾದ ‘ಗ್ರೇಡ್ 1’ ಎಂಬುದನ್ನು ಯೋಚಿಸದೆ ‘ಪ್ರಥಮ ದರ್ಜೆ’ ಎಂದು ಬರೆದೆ. ಮರುದಿನ ಓದಿ ನೋಡಿದರೆ, ಇನ್ನೂ ಒಂದು ಕೆಲಸವನ್ನೂ ಮುಗಿಸದ ಹೊಸಬನೂ ಸೇರಬಹುದಾದ ಮೆಟ್ಟಿಲು ನನ್ನ ಕನ್ನಡದಲ್ಲಿ ಅಣೆಕಟ್ಟು ಕಟ್ಟುವವರ ಮೆಟ್ಟಿಲಾಗಿ ನಿಂತಿತ್ತು. ಅಂಕಿ ಸರಿಯಾಗಿತ್ತು, ಭಾಷೆ ಸರಿಯಾಗಿತ್ತು, ಅರ್ಥ ತಲೆಕೆಳಗಾಗಿತ್ತು.

ಇದರಿಂದ ನನಗೆ ಹೊಳೆದದ್ದು, ದರ್ಜೆಯಷ್ಟೇ ಅಲ್ಲ, ಪ್ರಥಮ, ದ್ವಿತೀಯ, ಒಂದನೆಯ, ಎರಡನೆಯ ಎಂಬ ಸ್ಥಾನವಾಚಕಗಳೂ ಕನ್ನಡದಲ್ಲಿ ತಮ್ಮಷ್ಟಕ್ಕೆ ತಾವೇ ಮೇಲುಕೀಳನ್ನು ಹೇಳಿಬಿಡುತ್ತವೆ ಎಂಬುದು. ಹೊರದೇಶದ ಪದ್ಧತಿಯನ್ನು ಹೇಳುವಾಗ ‘ಶ್ರೇಣಿ 1’, ‘ಶ್ರೇಣಿ 9’ ಎಂದು ಬರೆದು, ‘ಒಂದನೆಯ ಶ್ರೇಣಿ’ ಎಂಬ ರೂಪವನ್ನು ದೂರವಿಡುವುದು ಲೇಸೆಂದು ಈಗ ಹಾಗೆ ತಿದ್ದಿದ್ದೇನೆ. ದಕ್ಷಿಣ ಆಫ್ರಿಕಾದಲ್ಲಿ ಅಂಕಿಯ ಜೊತೆಗೆ ಕೆಲಸದ ಬಗೆಯನ್ನು ಸೂಚಿಸುವ ಅಕ್ಷರಗಳೂ ಇರುತ್ತವೆ. ಸಾಮಾನ್ಯ ಕಟ್ಟಡಕ್ಕೆ ಜಿಬಿ, ಸಿವಿಲ್ ಎಂಜಿನಿಯರಿಂಗ್ ಕೆಲಸಕ್ಕೆ ಸಿಇ. ಹೀಗಾಗಿ ಒಬ್ಬನೇ ಗುತ್ತಿಗೆದಾರ ಕಟ್ಟಡದಲ್ಲಿ ಒಂದು ಶ್ರೇಣಿ, ರಸ್ತೆ-ಸೇತುವೆಯಂಥ ಕೆಲಸದಲ್ಲಿ ಇನ್ನೊಂದು ಶ್ರೇಣಿ ಹೊಂದಿರಬಹುದು. ವ್ಯಕ್ತಿಗೆ ದರ್ಜೆ ಎಂಬ ನಮ್ಮ ಮಾತಿನ ರೂಢಿಗೆ ಇದು ಹೊಂದುವುದೇ ಇಲ್ಲ; ಶ್ರೇಣಿ ಅಂಟಿರುವುದು ವ್ಯಕ್ತಿಗಲ್ಲ, ಆತ ಹಿಡಿಯಬಹುದಾದ ಕೆಲಸಕ್ಕೆ.

ಹಾಗಾದರೆ ನಮ್ಮ ಗವಂಡಿಗೆ ಏನನ್ನು ಹೇಳಬೇಕಿತ್ತು? ಉತ್ತರವನ್ನು ನಾನು ಒಕ್ಕಲುತನದ ಮಾತಿನಲ್ಲಿ ಹುಡುಕಿದೆ. ಎರಡೂವರೆಯಿಂದ ಐದು ಎಕರೆಯೊಳಗಿನವರನ್ನು ಸಣ್ಣ ಹಿಡುವಳಿದಾರರು, ಅದಕ್ಕೂ ಕಡಿಮೆ ಇರುವವರನ್ನು ಅತಿ ಸಣ್ಣ ಹಿಡುವಳಿದಾರರು ಎಂದು ಕರೆಯುತ್ತೇವೆ. ‘ನಾಲ್ಕನೇ ದರ್ಜೆ ರೈತ’ ಎಂದು ಯಾವ ಕಾಗದದಲ್ಲಿಯೂ ಬರೆದಿಲ್ಲ. ಸಣ್ಣ ಹಿಡುವಳಿದಾರನ ಜೋಳ ಕಳಪೆ ಎಂದು ಯಾರೂ ತಿಳಿಯುವುದೂ ಇಲ್ಲ; ಹೊಲ ಸಣ್ಣದು, ಅಷ್ಟೇ. ಅಳತೆಯನ್ನು ಹೇಳಿ, ಆಳನ್ನು ಅಳೆಯದೆ ಬಿಡುವ ಈ ಸೌಜನ್ಯ ನಮ್ಮ ಭಾಷೆಯಲ್ಲಿ ಆಗಲೇ ಇದೆ. ನಮ್ಮ ಕಡೆ ಗುತ್ತಿಗೆದಾರರೂ ‘ಕೆಲಸ ಹಿಡಿಯುವುದು’ ಎಂದೇ ಅನ್ನುತ್ತಾರೆ. ‘ಎಷ್ಟರ ಮಟ ಕೆಲಸ ಹಿಡೀಬಹುದು’ ಎಂಬುದು ನಾನು ವಾರಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಹಿಡುವಳಿ ಹುಟ್ಟಿದ್ದೂ ಅದೇ ‘ಹಿಡಿ’ ಧಾತುವಿನಿಂದ. ಹಾಗಾಗಿ ಕ್ಲಾಸಿಗೆ ‘ಹಿಡಿತದ ಮಿತಿ’ ಅಥವಾ ಸರಳವಾಗಿ ‘ಮೊತ್ತಮಿತಿ’ ಎನ್ನಬಹುದೇ ಎಂದು ಕೇಳುತ್ತಿದ್ದೇನೆ. ‘ಹಿಡಿತ’ಕ್ಕೆ ನಿಯಂತ್ರಣ ಎಂಬ ಅರ್ಥ ಈಗ ಬಲವಾಗಿರುವುದರಿಂದ ನನ್ನ ಒಲವು ‘ಮೊತ್ತಮಿತಿ’ಯ ಕಡೆಗಿದೆ. ಪ್ರಮಾಣಪತ್ರದಲ್ಲಿ ಅಚ್ಚಾಗಿರುವುದನ್ನು ನಾನು ಬದಲಿಸಲಾರೆ. ಆದರೆ ಕೈಪಿಡಿಯಲ್ಲಿ ‘ಕ್ಲಾಸ್ 4, ಅಂದರೆ ಎಲ್ಲಕ್ಕಿಂತ ಕಡಿಮೆ ಮೊತ್ತಮಿತಿ’ ಎಂದು ಬರೆಯಬಲ್ಲೆ. ಕ್ಲಾಸ್ ಎಂಬುದನ್ನು ಹಾಗೆಯೇ ಉಳಿಸಿಕೊಂಡದ್ದು ಬೇಕೆಂದೇ. ಜನರ ಬಾಯಲ್ಲಿ ಇರುವುದು ಅದು, ಅದಕ್ಕೆ ದರ್ಜೆಯಷ್ಟು ಭಾರವೂ ಇಲ್ಲ.

ಜೊತೆಯ ಪದ ‘ನೋಂದಣಿ’ಯ ಬಗ್ಗೆ ಎರಡು ಮಾತು. ಇದು ಮರಾಠಿಯ ‘ನೋಂದ್’, ‘ನೋಂದಣೀ’ಗಳಿಂದ ನಮಗೆ ಬಂದದ್ದು, ದೀರ್ಘ ‘ನೋ’ ಅದರ ಹುಟ್ಟಿನಲ್ಲಿಯೇ ಇದೆ. ಫಲಕಗಳಲ್ಲಿ, ಪ್ರಕಟಣೆಗಳಲ್ಲಿ ‘ನೊಂದಣಿ’ ಎಂದು ಹ್ರಸ್ವವಾಗಿ ಬರೆಯುವುದು ತಪ್ಪು. ನೊಂದವರ ನೆನಪು ತರುವ ಆ ರೂಪವನ್ನು ದಯವಿಟ್ಟು ಯಾರೂ ಬಳಸಬಾರದೆಂದು ಬೇಡುತ್ತೇನೆ. ತೊಡಕಿನ ಸಂಗತಿ ಬೇರೆಯಿದೆ. ಆಡುಮಾತಿನಲ್ಲಿ ಇದನ್ನು ಯಾರೂ ನೋಂದಣಿ ಎನ್ನುವುದಿಲ್ಲ, ‘ಲೈಸನ್ಸ್’ ಎನ್ನುತ್ತಾರೆ. ನೋಂದಣಿ ಎಂದರೆ ಊರಿನವರಿಗೆ ಹೊಲದ ಖರೀದಿ ಪತ್ರದ ಕಚೇರಿಯೇ ನೆನಪಾಗುತ್ತದೆ. ಆದರೆ ಲೈಸನ್ಸ್ ಅಥವಾ ಪರವಾನಗಿ ಎಂಬುದು ಬೇರೆ ಕಾಗದಗಳಿಗೆ ಸಲ್ಲುವ ಹೆಸರು: ವಿದ್ಯುತ್ ಕೆಲಸದ ಗುತ್ತಿಗೆದಾರರು ಪಡೆಯುವುದು ಪರವಾನಗಿ, 1970ರ ಗುತ್ತಿಗೆ ಕಾರ್ಮಿಕ ಅಧಿನಿಯಮದ ಕಾಲದಿಂದ ಆಳುಗಳನ್ನು ಇಟ್ಟುಕೊಳ್ಳಲು ಪಡೆಯುತ್ತ ಬಂದದ್ದೂ ಪರವಾನಗಿ. ಪರವಾನಗಿ ಇಲ್ಲದೆ ಆ ಕೆಲಸ ಮಾಡುವುದೇ ತಪ್ಪಾಗುತ್ತದೆ. ಲೋಕೋಪಯೋಗಿ ಇಲಾಖೆಯ ನೋಂದಣಿ ಇಲ್ಲದವನು ಖಾಸಗಿಯವರ ಮನೆ ಕಟ್ಟಿದರೆ ತಪ್ಪೇನಿಲ್ಲ. ಆತ ಇಲಾಖೆಯ ಟೆಂಡರಿಗೆ ಹೋಗಲಾರ, ಅಷ್ಟೇ. ಕೇಂದ್ರ ಲೋಕೋಪಯೋಗಿ ಇಲಾಖೆಯವರು ಇದಕ್ಕೆ ‘ಎನ್‌ಲಿಸ್ಟ್‌ಮೆಂಟ್’ ಎಂದು ಬಳಸುವುದು ನನಗೆ ಹೆಚ್ಚು ನಿಖರವಾಗಿ ಕಾಣುತ್ತದೆ. ಪಟ್ಟಿಯೊಂದಿದೆ, ಅದರಲ್ಲಿ ಹೆಸರು ಸೇರಿದೆ ಎಂಬುದೇ ವಿಷಯದ ತಿರುಳು. ಕನ್ನಡದಲ್ಲಿ ‘ಪಟ್ಟಿಗೆ ಸೇರ್ಪಡೆ’ ಎಂದರೆ ಅದು ಯಾರಿಗೂ ತಿಳಿಯುತ್ತದೆ, ಹೆಸರನ್ನು ತೆಗೆದುಹಾಕಿದರೆ ‘ಪಟ್ಟಿಯಿಂದ ಕೈಬಿಡುವುದು’ ಎಂದು ಎದುರು ಮಾತೂ ಸುಲಭವಾಗಿ ಸಿಗುತ್ತದೆ.

ಗುತ್ತಿಗೆ ಎಂಬ ಮೂಲಪದದ ಬಗ್ಗೆ ತಕರಾರಿಲ್ಲ. ಬೆಳೆ ಏರಲಿ ಇಳಿಯಲಿ, ಗೊತ್ತುಮಾಡಿದಷ್ಟನ್ನೇ ಕಟ್ಟಬೇಕಾದ ಹಳೆಯ ‘ಕಟ್ಟುಗುತ್ತಗೆ’ಯ ಅರ್ಥ ಇಂದಿನ ಟೆಂಡರ್ ದರಕ್ಕೂ ಸೊಗಸಾಗಿ ಹೊಂದುತ್ತದೆ. ಹಿರಿಯರ ಬಾಯಲ್ಲಿ ಇನ್ನೂ ಇರುವ ‘ಗುತ್ತೇದಾರ’, ‘ಕಂತ್ರಾಟದಾರ’ ರೂಪಗಳನ್ನು ಕೈಪಿಡಿಯಲ್ಲಿ ಒಮ್ಮೆಯಾದರೂ ಹೆಸರಿಸುವ ಆಸೆಯಿದೆ.

ನನಗೆ ಸಹಾಯ ಬೇಕಾದ ಜಾಗಗಳು ಇವು. ‘ಮೊತ್ತಮಿತಿ’ ಎಂಬುದನ್ನು ಯಾರಾದರೂ ಈ ಅರ್ಥದಲ್ಲಿ ಮೊದಲೇ ಬಳಸಿದ್ದನ್ನು ಕಂಡಿದ್ದೀರಾ? ದಕ್ಷಿಣ ಆಫ್ರಿಕಾದ ಪಟ್ಟಿಯಲ್ಲಿ ಕೆಲವರ ಶ್ರೇಣಿಯ ಪಕ್ಕ ‘ಪಿಇ’ ಎಂಬ ಗುರುತಿರುತ್ತದೆ. ಹಿಂದೆ ಅವಕಾಶ ಸಿಗದೆ ಉಳಿದಿದ್ದು, ಈಗ ಬೆಂಬಲ ಕೊಟ್ಟರೆ ಮೇಲೆ ಬರಬಲ್ಲ ಗುತ್ತಿಗೆದಾರ ಎಂಬುದು ಅದರ ಆಶಯ. ‘ಉದಯೋನ್ಮುಖ’ ಎಂದರೆ ಕವಿಗಳ ಪರಿಚಯದ ಮಾತಿನಂತೆ ಕೇಳುತ್ತದೆ, ‘ಬೆಳೆಯಬಲ್ಲ ಗುತ್ತಿಗೆದಾರ’ ಎಂದರೆ ಸಾಕಾಗುತ್ತದೆಯೇ? ಕೊನೆಯದಾಗಿ, ರಾಣೆಬೆನ್ನೂರು, ಹಾನಗಲ್ಲ, ರೋಣ, ನರಗುಂದದ ಕಡೆಯ ಗವಂಡಿಗಳು, ಮೇಸ್ತ್ರಿಗಳು ತಮ್ಮೊಳಗೆ ‘ಇವನು ಇಷ್ಟು ದೊಡ್ಡ ಕೆಲಸ ಹಿಡಿಯಬಲ್ಲವನು’ ಎಂಬುದಕ್ಕೆ ಬಳಸುವ ಮಾತು ಯಾವುದಾದರೂ ನಿಮ್ಮ ಕಿವಿಗೆ ಬಿದ್ದಿದ್ದರೆ, ಅದನ್ನು ಅವರು ಆಡಿದ ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಶಿರಹಟ್ಟಿಯ ಆ ಗವಂಡಿ ಪ್ರಮಾಣಪತ್ರದ ನವೀಕರಣಕ್ಕೆ ಮತ್ತೆ ಬರುವವನಿದ್ದಾನೆ.