ಪದಚರ್ಚೆ: ಟವರಿನ ಸ್ಟೇ, ಜಗ್ಗುತಂತಿ, ಬಾಲ – ಮೇಲೆ ಹತ್ತುವವನಿಗೆ ಯಾವ ಪದ ಕೊಡೋಣ?

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ನಾವು ಕೆಲವು ಹ್ಯಾಮ್ ರೇಡಿಯೋದವರು (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ಸೇರಿ ಒಂದು ಹಾಳೆ ಬರೆಯುತ್ತಿದ್ದೇವೆ. ಆಂಟೆನಾ ಟವರು ಎತ್ತುವಾಗ, ರಿಪೇರಿಗೆ ಮೇಲೆ ಹತ್ತುವಾಗ ಏನು ನೋಡಿಕೊಳ್ಳಬೇಕು ಅನ್ನೋದು ವಿಷಯ. ಇಂಗ್ಲಿಷಿನಲ್ಲಿ ಇಂಥದ್ದು ಬೇಕಾದಷ್ಟಿದೆ. ಆದರೆ ನಮ್ಮಲ್ಲಿ ಟವರು ಹತ್ತುವವರು ಲೈಸೆನ್ಸ್ ಇರುವ ಹ್ಯಾಮ್‌ಗಳಲ್ಲ. ಗೋಕುಲ ರೋಡಿನ ಫ್ಯಾಬ್ರಿಕೇಶನ್ ಅಂಗಡಿಯ ಹುಡುಗರು, ಪರಿಚಯದ ಲೈನ್‌ಮನ್, ಡಿಶ್ ಕೂರಿಸುವವರು, ಇವರೇ. ಹಾಳೆಯನ್ನು ಅವರಿಗೆ ಟವರಿನ ಬುಡದಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಬೇಕು. ಹಾಗಾಗಿ ಶುದ್ಧ ಕನ್ನಡವೋ ಬೆರಕೆಯೋ ಅನ್ನೋ ಜಗಳ ನನಗೆ ಬೇಡ. ಪದ ಕೇಳಿದ ಕೂಡಲೇ ಅವರ ಕೈ ಸರಿಯಾದ ಕೆಲಸ ಮಾಡಬೇಕು, ಅಷ್ಟೇ.

ಮೊದಲನೆಯದು ಗೈ ವೈರ್. ಟವರನ್ನು ಮೂರು ದಿಕ್ಕಿಗೆ ಎಳೆದು ಹಿಡಿಯುವ ಉಕ್ಕಿನ ತಂತಿ. ನಮ್ಮ ಕಡೆ ಯಾರಿಗೂ ಗೈ ವೈರ್ ಅಂದರೆ ಗೊತ್ತಾಗಲ್ಲ. ಸ್ಟೇ ಅಂದರೆ ಗೊತ್ತು, ಏಕೆಂದರೆ ಕರೆಂಟ್ ಕಂಬಕ್ಕೆ ಕಟ್ಟುವ ತಂತಿಗೆ ಹೆಸ್ಕಾಂ ಲೈನ್‌ಮನ್‌ಗಳು ಸ್ಟೇ ಅಂತಾರೆ. ಸ್ಟೇ ವೈರ್, ಸ್ಟೇ ರಾಡ್, ಸ್ಟೇ ಇನ್ಸುಲೇಟರ್, ಪೂರ್ತಿ ಕುಟುಂಬವೇ ಇದೆ. ನನಗೂ ಇದೇ ಇಷ್ಟ. ಆದರೆ ಒಂದು ತೊಡಕಿದೆ. ಕರೆಂಟ್ ಕಂಬ ನೆಲದೊಳಗೆ ಹೂತಿರುತ್ತದೆ, ಸ್ಟೇ ಬಿಚ್ಚಿದರೂ ಎಷ್ಟೋ ಕಂಬಗಳು ಸ್ವಲ್ಪ ಹೊತ್ತು ನಿಲ್ಲುತ್ತವೆ. ನಮ್ಮ ತೆಳ್ಳಗಿನ ಮೂರು ಕಾಲಿನ ಟವರು ಹಾಗಲ್ಲ. ಬುಡದಲ್ಲಿ ಬರೀ ಒಂದು ಪಿನ್ನಿನ ಮೇಲೆ ಕೂತಿರುವುದೂ ಉಂಟು, ಅದು ನಿಂತಿರುವುದೇ ಆ ತಂತಿಗಳಿಂದ. ಹಳೆಯದನ್ನು ಬಿಚ್ಚುವ ಮುಂಚೆ ಪಕ್ಕದಲ್ಲಿ ತಾತ್ಕಾಲಿಕ ತಂತಿ ಕಟ್ಟಲೇಬೇಕು. ಕಂಬದ ಕೆಲಸ ಮಾಡಿದವನು ಸ್ಟೇ ಅನ್ನೋ ಪದ ಕೇಳಿ, ಕಂಬದ ಧೈರ್ಯವನ್ನೇ ಇಲ್ಲಿಗೂ ತರುತ್ತಾನೆ ಅನ್ನೋದು ನನ್ನ ಹೆದರಿಕೆ.

ಹಾಗಾದರೆ ಕನ್ನಡದ ಹೊಸ ಪದ? ನಮ್ಮಲ್ಲೊಬ್ಬರು ಜಗ್ಗುತಂತಿ ಅಂದರು. ನಮ್ಮ ಕಡೆ ಜಗ್ಗು ಅಂದರೆ ಎಳೆ, ಹಗ್ಗ ಜಗ್ಗಾಟದ ಜಗ್ಗು. ಕೇಳಿದ ಕೂಡಲೇ ಚಿತ್ರ ಬರುತ್ತದೆ, ಚೆನ್ನಾಗಿದೆ. ಆದರೆ ಮೈಸೂರಿನ ನನ್ನ ಭಾವನಿಗೆ ಹೇಳಿದರೆ, 'ಜಗ್ಗಿರೋ ತಂತೀನಾ? ಹಂಗಾದ್ರೆ ಮೊದ್ಲು ಬಿಗಿ ಮಾಡ್ರಪ್ಪ' ಅಂತ ನಕ್ಕರು! ಅವರ ಕಿವಿಗೆ ಜಗ್ಗಿದ್ದು ಅಂದರೆ ಕೆಳಕ್ಕೆ ಬಾಗಿದ್ದು, ಸಡಿಲ ಬಿದ್ದಿದ್ದು. ಒಂದೇ ಪದ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹಾಳೆ ನಮ್ಮ ಜಿಲ್ಲೆಗಳಿಗೇ ಸೀಮಿತ ಆದರೆ ನಡೆಯುತ್ತದೆ, ಆದರೆ ಇಂಥ ಹಾಳೆಗಳು ಮೊಬೈಲಿನಲ್ಲಿ ಎಲ್ಲೆಲ್ಲಿಗೋ ಹೋಗುತ್ತವೆ ಅಲ್ವಾ. ತುಮಕೂರು, ಹಾಸನ, ಮಂಗಳೂರು ಕಡೆಯವರು ಜಗ್ಗು ಕೇಳಿದರೆ ನಿಮಗೆ ಮೊದಲು ಏನು ತೋಚುತ್ತದೆ, ದಯವಿಟ್ಟು ಹೇಳಿ.

ಬಿಗಿ ಅಂದೆನಲ್ಲ, ಅಲ್ಲೂ ಒಂದು ಮಾತಿದೆ. ತಂತಿಯನ್ನು ಸುಮ್ನೆ ಬಿಗಿ ಮಾಡಿ ಅಂತ ಬರೆದರೆ ಹುಡುಗರು ಮೈಯ ಬಲವೆಲ್ಲ ಹಾಕಿ ಟರ್ನ್ ಬಕಲ್ (ತಂತಿ ಬಿಗಿಸುವ ತಿರುಪು) ತಿರುಗಿಸುತ್ತಾರೆ. ಜಾಸ್ತಿ ಬಿಗಿದರೆ ಮೂರೂ ತಂತಿ ಸೇರಿ ಟವರನ್ನೇ ಕೆಳಕ್ಕೆ ಒತ್ತುತ್ತವೆ. ತಂತಿ ಎಷ್ಟು ಭಾರಕ್ಕೆ ಹರಿಯುತ್ತದೋ ಅದರ ಸುಮಾರು 10 ಪರ್ಸೆಂಟ್ ಎಳೆತ ಇಡುವುದು ವಾಡಿಕೆ. ಇದಕ್ಕೆ ಹದ ಅನ್ನೋ ಪದ ಹೇಳಿ ಮಾಡಿಸಿದ ಹಾಗಿದೆ, ಹೊಲದ ಹದ ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ. ಹದವಾಗಿ ಬಿಗಿಯಿರಿ ಅಂತ ಬರೆದು, ಪಕ್ಕದಲ್ಲೇ ಸಂಖ್ಯೆ ಕೊಡುತ್ತೇನೆ. ಸಂಖ್ಯೆ ಇಲ್ಲದಿದ್ದರೆ ಒಬ್ಬೊಬ್ಬನ ಹದ ಒಂದೊಂದು.

ಈಗ ನನಗೆ ನಿಜವಾಗಿ ನಿದ್ದೆ ಕೆಡಿಸಿದ ಪದ. ತಂತಿಯ ತುದಿಯನ್ನು ಥಿಂಬಲ್ (ತಂತಿಯ ಮಡಿಕೆ ಕೂರುವ ಲೋಹದ ಕಣ್ಣು) ಸುತ್ತ ಮಡಚಿ, ಯು ಆಕಾರದ ಕ್ಲಾಂಪು ಹಾಕುತ್ತೇವೆ. ಆ ಕ್ಲಾಂಪಿಗೆ ಎರಡು ಭಾಗ. ಒಂದು ಯು ಬೋಲ್ಟು, ಇನ್ನೊಂದು ಹಲ್ಲು ಕೊರೆದ ದಪ್ಪ ಭಾಗ, ಅದಕ್ಕೆ ಇಂಗ್ಲಿಷಿನಲ್ಲಿ ಸ್ಯಾಡಲ್ ಅಂತಾರೆ. ಸ್ಯಾಡಲ್ ಭಾಗ ಭಾರ ಹೊರುವ ತಂತಿಯ ಮೇಲೆ ಕೂರಬೇಕು, ಯು ಬೋಲ್ಟು ಮಡಚಿ ಬಂದ ತುಂಡು ತುದಿಯ ಮೇಲೆ. ತಿರುಗಾಮುರುಗಾ ಹಾಕಿದರೆ ಯು ಬೋಲ್ಟು ಭಾರ ಹೊರುವ ತಂತಿಯನ್ನೇ ಜಜ್ಜಿ ಅದರ ಶಕ್ತಿ ತಗ್ಗಿಸುತ್ತದೆ. ಕೆಳಗಿನಿಂದ ನೋಡಿದರೆ ಸರಿ ಹಾಕಿದ್ದು, ತಪ್ಪು ಹಾಕಿದ್ದು ಎರಡೂ ಒಂದೇ ಥರ ಕಾಣುತ್ತವೆ. ಇಂಗ್ಲಿಷಿನಲ್ಲಿ ಈ ಎರಡು ಎಳೆಗಳಿಗೆ ಲೈವ್ ಎಂಡ್, ಡೆಡ್ ಎಂಡ್ ಅಂತ ಹೆಸರು.

ಇದನ್ನು ಯಾರೋ ಜೀವಂತ ತುದಿ, ಸತ್ತ ತುದಿ ಅಂತ ಕನ್ನಡ ಮಾಡಿದ್ದನ್ನು ನೋಡಿದೆ. ಲೈನ್‌ಮನ್‌ಗೆ ಜೀವಂತ ತಂತಿ ಅಂದರೆ ಕರೆಂಟ್ ಇರುವ ತಂತಿ, ಲೈವ್ ಅಂತ ಹಾಗೇ ಉಳಿಸಿದರೂ ಅದೇ ಗತಿ. ಅದಕ್ಕಿಂತ ಕೆಟ್ಟದ್ದೆಂದರೆ, ಸತ್ತದ್ದು ಅಂದರೆ ಕರೆಂಟ್ ಇಲ್ಲ, ಮುಟ್ಟಬಹುದು ಅಂತ ಅರ್ಥ ಆಗುತ್ತದೆ. ಟವರಿನ ಹತ್ತಿರ ಎಲ್.ಟಿ. ಲೈನು (ಮನೆಗಳಿಗೆ ಕರೆಂಟ್ ಕೊಡುವ ತಂತಿ) ಹಾದುಹೋಗುವ ಜಾಗದಲ್ಲಿ ಈ ಗೊಂದಲ ಬೇಡವೇ ಬೇಡ.

ಅಂಗಡಿಯ ಹುಡುಗನ ಕೈಗೆ ತಂತಿ, ಕ್ಲಾಂಪು ಕೊಟ್ಟು ತೋರಿಸುತ್ತಿದ್ದೆ. ಅವನು ತುಂಡು ತುದಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, 'ಇದು ಬಾಲ ಏನ್ರೀ ಸರ್? ಬಾಲದ ಮ್ಯಾಲ ಯು, ಮೈ ಮ್ಯಾಲ ಹಲ್ಲು' ಅಂದ. ಅಷ್ಟೇ, ಮುಗಿಯಿತು! ಬಾಲ ಮತ್ತು ಮೈ. ನಾನು ಹಾಳೆಗೆ ಇದನ್ನೇ ಹಾಕಿದ್ದೇನೆ: 'ಯು ಬೋಲ್ಟು ಬಾಲದ ಮೇಲೆ, ಹಲ್ಲು ಮೈ ಮೇಲೆ. ಒಂದು ತುದಿಗೆ ಕನಿಷ್ಠ ಮೂರು ಕ್ಲಾಂಪು, ನಡುವೆ ತಂತಿಯ ದಪ್ಪದ ಆರು ಪಟ್ಟು ಜಾಗ, ಭಾರ ಬಿದ್ದ ಮೇಲೆ ಮತ್ತೊಮ್ಮೆ ನಟ್ಟು ಬಿಗಿ.' ಮೈ ಅನ್ನೋದು ತಂತಿಗೆ ಒಗ್ಗುತ್ತದಾ ಅಂತ ಮಾತ್ರ ಸಣ್ಣ ಅನುಮಾನ. ನಿಮ್ಮಲ್ಲಿ ಹಗ್ಗ ಹೊಸೆಯುವವರ ಮನೆಯವರು, ದೋಣಿ ಕೆಲಸ ಗೊತ್ತಿರುವವರು ಇದ್ದರೆ ಹೇಳಿ, ಹಗ್ಗದ ಭಾರ ಹೊರುವ ಭಾಗಕ್ಕೆ ಬೇರೆ ಹೆಸರಿದೆಯಾ?

ಆಂಕರ್‌ಗೆ ಬರೋಣ. ತಂತಿಯ ಕೆಳತುದಿಯನ್ನು ನೆಲದಲ್ಲಿ ಹಿಡಿದಿಡುವುದು ಇದೇ. ನಿಘಂಟಿನವರು ಇದಕ್ಕೆ ಲಂಗರು ಕೊಡುತ್ತಾರೆ. ಧಾರವಾಡದಲ್ಲಿ ಹಡಗು ಎಲ್ಲಿಂದ ತರೋಣ. ಗೂಟ ಅಂದರೆ ಎಲ್ಲರಿಗೂ ಗೊತ್ತು, ಆದರೆ ಗೂಟ ಅಂದರೆ ಸುತ್ತಿಗೆಯಿಂದ ಬಡಿದು ನಿಲ್ಲಿಸಿ ಸಂಜೆ ಕಿತ್ತುಕೊಂಡು ಹೋಗುವಂಥದ್ದು. ನಮ್ಮ ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಬಡಿದ ಗೂಟಕ್ಕೆ ಟವರು ಕಟ್ಟಿದರೆ ದೇವರೇ ಗತಿ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪ್ರತಿ ವರ್ಷ ಈ ಉಬ್ಬು ತಗ್ಗಿನಲ್ಲಿ ಮೇಲ್ಮೇಲೆ ಹೂತದ್ದೆಲ್ಲ ಅಲುಗುತ್ತದೆ. ಅದಕ್ಕೆ ಕುಣಿ ಆಳಕ್ಕೆ ತೋಡಿ, ಈ ಉಬ್ಬು ತಗ್ಗು ಮುಟ್ಟದ ಮಟ್ಟಕ್ಕೆ ಇಳಿದು, ಕಾಂಕ್ರೀಟಿನಲ್ಲಿ ರಾಡು ಕೂರಿಸಬೇಕು. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ಕಾಟ ಕಡಿಮೆ. 60 ಅಡಿಯ ಟವರಿಗೆ ಆಂಕರು ಬುಡದಿಂದ ಸುಮಾರು 48 ಅಡಿ ದೂರ ಬರುತ್ತದೆ, ಅಂದರೆ ಒಂದೇ ಹೊಲದಲ್ಲಿ ಒಂದು ಆಂಕರು ಎರೆಯಲ್ಲಿ, ಇನ್ನೊಂದು ಮಸಾರಿಯಲ್ಲಿ ಬೀಳುವುದೂ ಸಾಧ್ಯ. ನಾನು ಸದ್ಯಕ್ಕೆ ಸ್ಟೇ ಕುಣಿ ಅಂತ ಬರೆದಿದ್ದೇನೆ. ಕುಣಿ ಅಂದರೆ ತೋಡಬೇಕು ಅಂತ ತಾನಾಗಿಯೇ ಹೊಳೆಯುತ್ತದೆ. ದಕ್ಷಿಣದವರು ಕುಣಿ ಕೇಳಿ ಡ್ಯಾನ್ಸ್ ಅಂದುಕೊಂಡರೆ ಗುಂಡಿ ಅಂತ ಬದಲಾಯಿಸೋಣ.

ಬೆಲ್ಟ್ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಚರ್ಚೆಗೆ ಜಾಗ ಇಲ್ಲ. ಸೊಂಟಕ್ಕೆ ಕಟ್ಟುವುದೂ ಬೆಲ್ಟ್, ಮೈಗೆಲ್ಲ ಹಾಕಿ ಬೆನ್ನಲ್ಲಿ ಉಂಗುರ ಇರುವುದೂ ಬೆಲ್ಟ್. 'ಬೆಲ್ಟ್ ಹಾಕ್ಯಾನ್ರಿ' ಅಂದರೆ ಯಾವುದು? ಬಿದ್ದರೆ ಕಾಪಾಡುವುದು ಎರಡನೆಯದು ಮಾತ್ರ. ಬರೀ ಸೊಂಟದ ಬೆಲ್ಟಿನಲ್ಲಿ ಬಿದ್ದರೆ ಬೆನ್ನುಮೂಳೆ, ಹೊಟ್ಟೆ ಎರಡಕ್ಕೂ ಪೆಟ್ಟು. ನಿಘಂಟಿನಲ್ಲಿ ಹಾರ್ನೆಸ್‌ಗೆ ಕುದುರೆ ಸಜ್ಜು ಅಂತ ಸಿಗುತ್ತದೆ, ಅದನ್ನು ಓದಿ ಹೇಳಿದರೆ ಹುಡುಗರು ನಗುತ್ತಾರೆ. ಕಟ್ಟಡದ ಕೆಲಸದವರು ಫುಲ್ ಬಾಡಿ ಬೆಲ್ಟ್ ಅಂತಾರೆ. ಅದೇ ಇರಲಿ. ಬೆಲ್ಟನ್ನು ಟವರಿಗೆ ಸಿಕ್ಕಿಸುವ ಲಾನ್ಯಾರ್ಡ್‌ಗೆ ಎರಡು ಕೊಂಡಿ ಹಗ್ಗ ಅಂತ ಹಾಕಿದ್ದೇನೆ, ಜೊತೆಗೆ 'ಒಂದು ಕೊಂಡಿ ಸಿಕ್ಕಿಸಿದ ಮೇಲೆಯೇ ಇನ್ನೊಂದು ತೆಗೆ' ಅನ್ನೋ ಸಾಲು.

ಸಿಡಿಲಿನ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಮುಂದಿದೆ. ಮಿಂಚು ಕಣ್ಣಿಗೆ, ಗುಡುಗು ಕಿವಿಗೆ, ಸಿಡಿಲು ಬಡಿಯುವುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಆ್ಯಪ್‌ಗೆ ಸಿಡಿಲು ಅಂತಲೇ ಹೆಸರಿಟ್ಟಿದ್ದಾರೆ. ಆದರೆ ಅರೆಸ್ಟರ್‌ಗೆ ಮಿಂಚುನಿರೋಧಕ, ಸಿಡಿಲುತಡೆ ಅಂತೆಲ್ಲ ಬರೆಯುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಕೇಬಲ್ಲಿನಲ್ಲಿ ಹಾಕುವ ಆ ಸಣ್ಣ ಡಬ್ಬಿ ಸಿಡಿಲನ್ನು ತಡೆಯುವುದಿಲ್ಲ, ಕೇಬಲ್ಲಿಗೆ ನುಗ್ಗಿದ ಏರು ವೋಲ್ಟೇಜನ್ನು ನೆಲಕ್ಕೆ ದಾಟಿಸುತ್ತದೆ, ಅದೂ ಅರ್ಥಿಂಗ್ ಸರಿ ಇದ್ದರೆ. ತಡೆ ಅಂತ ಬರೆದರೆ ಭರಣಿ ಮಳೆಯ ಗುಡುಗಿನಲ್ಲೂ ಒಬ್ಬ ಹ್ಯಾಮ್ ಮೈಕು ಹಿಡಿದು ಕೂರುತ್ತಾನೆ. ಮೋಡ ಕಟ್ಟುವ ಮುಂಚೆಯೇ ಕೇಬಲ್ ಕಿತ್ತು ಹೊರಗಿಡಬೇಕು, ಗುಡುಗು ಶುರುವಾದ ಮೇಲೆ ಮುಟ್ಟಬಾರದು. ಆ ಡಬ್ಬಿಗೆ ಸಿಡಿಲಿಳಿಕೆ ಅಂದರೆ ಹೇಗೆ?

ಅರ್ಥಿಂಗ್ ಬಗ್ಗೆ: ಭೂಸಂಪರ್ಕ ಅಂತ ಪಠ್ಯಪುಸ್ತಕದಲ್ಲಿ ಚೆಂದ, ಬಾಯಲ್ಲಿ ಯಾರೂ ಅನ್ನುವುದಿಲ್ಲ. ಅರ್ಥ್ ಅಂತ ಬರೆದರೆ ಅರ್ಥ ಅಂತ ಓದುತ್ತಾರೆ. 'ಟವರಿನ ಮೂರೂ ಕಾಲಿಗೆ ಅರ್ಥ ಕೊಡಿ' ಅಂದರೆ ಅಧ್ಯಾತ್ಮ ಆಗಿಬಿಡುತ್ತದೆ. ಅರ್ಥಿಂಗ್ ಅಂತಲೇ ಇಟ್ಟಿದ್ದೇನೆ, ಮನೆಯ ಅರ್ಥಿಂಗಿಗೂ ಟವರಿನದಕ್ಕೂ ದಪ್ಪ ತಂತಿಯಿಂದ ಜೋಡಿಸಿ ಅನ್ನೋ ಸಾಲಿನ ಸಮೇತ. ಇಲ್ಲಿ ಸುಂದರವಾದ ಒಂದು ಹಳೆಯ ಪದ ಕೆಲಸಕ್ಕೆ ಬಂತು: ಕಿಲುಬು. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. 'ಕ್ಲಾಂಪಿನಲ್ಲಿ ತುಕ್ಕು ನೋಡಿ, ಅರ್ಥಿಂಗ್ ಪಟ್ಟಿಯಲ್ಲಿ ಕಿಲುಬು ನೋಡಿ' ಅಂದರೆ ಯಾವ ಲೋಹ ಎಲ್ಲಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ಕೊನೆಯದು ಕೂಗುವ ಪದಗಳು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮೇಲಿರುವವನು 60 ಅಡಿಯಿಂದ ಕೂಗುತ್ತಾನೆ, ಗದಗದ ಕಪ್ಪತಗುಡ್ಡದ ಕಡೆಯಾದರೆ ಗಾಳಿ ಮಾತನ್ನು ಎತ್ತಿಕೊಂಡೇ ಹೋಗುತ್ತದೆ. ಕೆಳಗೆ ಇಬ್ಬರು ಹಗ್ಗ ಹಿಡಿದಿರುತ್ತಾರೆ, ಹಗ್ಗದ ತುದಿಯಲ್ಲಿ ಆಂಟೆನಾ. ಅವನು 'ಸಾಕು' ಅಂದ, ಇವರಿಗೆ 'ಹಾಕು' ಅಂತ ಕೇಳಿಸಿತು. ಇಲ್ಲಾ ಅವನು 'ಬಿಡು' ಅಂದ. ಬಿಡು ಅಂದರೆ ನಿಧಾನ ಸಡಿಲಿಸೋದಾ, ಕೈಯೇ ಬಿಡೋದಾ, ಇಲ್ಲ 'ಹೋಗ್ಲಿ ಬಿಡು' ಅನ್ನೋ ಬಿಡುನಾ? ಕ್ರೇನು, ರಿಗ್ಗಿಂಗ್ ಕೆಲಸದವರು ಇಳಿಸೋಕೆ ಆರಿಯಾ, ಎತ್ತೋಕೆ ಹಬೀಸ್ ಅಂತ ಕೂಗುತ್ತಾರೆ. ಪೋರ್ಚುಗೀಸಿನಲ್ಲಿ ಅರ್ರಿಯಾರ್ ಅಂದರೆ ಹಗ್ಗ ಬಿಟ್ಟು ಕೆಳಗಿಳಿಸುವುದು, ಹಡಗಿನ ಕಲಾಸಿಗಳ ಮಾತು ಹೀಗೆ ಒಳನಾಡಿಗೂ ಬಂದಿರಬೇಕು. ಎರಡೂ ಒಂದಕ್ಕೊಂದು ಕೇಳಿಸಿಕೊಂಡರೆ ತಪ್ಪಾಗುವಂತಿಲ್ಲ, ಅದೇ ಅವುಗಳ ಗುಣ.

ನನಗೆ ಅಂಥದ್ದೇ ನಾಲ್ಕು ಕನ್ನಡದ ಕೂಗು ಬೇಕು: ಎತ್ತು, ಇಳಿಸು, ನಿಲ್ಲು, ಹಾಗೇ ಹಿಡಿದಿರು. ಎರಡು ಅಕ್ಷರಕ್ಕಿಂತ ಜಾಸ್ತಿ ಬೇಡ, ಒಂದರ ಪ್ರಾಸ ಇನ್ನೊಂದಕ್ಕೆ ಬರಬಾರದು, ನಿತ್ಯದ ಮಾತಿನಲ್ಲಿ ಸುಮ್ನೆ ಬಂದುಬಿಡುವಂಥದ್ದೂ ಆಗಬಾರದು. ನಿಲ್ಲು ಅನ್ನೋದಕ್ಕೆ 'ತಡಿ' ಅಂದುಕೊಂಡಿದ್ದೇನೆ, ಬಾಯಿ ತೆರೆದು ಕೂಗಬಹುದು. ಎತ್ತು ಅನ್ನೋದನ್ನು ಬಿಟ್ಟಿದ್ದೇನೆ, ಹತ್ತು ಅಂತ ಕೇಳಿಸುತ್ತದೆ, ಆಗ ಕೆಳಗಿರುವವನೂ ಟವರು ಹತ್ತಲು ಶುರು ಮಾಡಿದರೆ ಕಷ್ಟ. ತೇರು ಎಳೆಯುವಾಗ, ಬಾವಿಯ ಹೂಳು ಎತ್ತುವಾಗ, ಕಣದಲ್ಲಿ ಚೀಲ ಹೇರುವಾಗ ನಿಮ್ಮೂರಲ್ಲಿ ಏನಂತ ಕೂಗುತ್ತಿದ್ದರು? ಊರಿನ ಹೆಸರು ಸಮೇತ ಬರೆಯಿರಿ. ದೀಪಾವಳಿ ಆದ ಮೇಲೆ ನೆಲ ಒಣಗಿದಾಗ ಒಂದು ಟವರು ಎತ್ತುವುದಿದೆ, ಹಾಳೆ ಅದಕ್ಕೆ ಮುಂಚೆ ಅಚ್ಚಿಗೆ ಹೋಗಬೇಕು.