ತೋಟದ ಮಣ್ಣಿನ ರಸ್ತೆ: ರಿಪೇರಿ ದುಡ್ಡು ಮನೆ ಲೆಕ್ಕಕ್ಕೋ, ಗಾಡಿ ಲೆಕ್ಕಕ್ಕೋ?

ಪೆರ್ಲದಿಂದ: ಒಂದೂಕಾಲು ಕಿಲೋಮೀಟರ್ ಖಾಸಗಿ ಮಣ್ಣಿನ ರಸ್ತೆ, ಹನ್ನೊಂದು ಮನೆ. ಮಳೆಗಾಲ ಮುಗಿದ ಮೇಲೆ ಜೇಸಿಬಿ ತರಿಸಲೇಬೇಕು. ಬೈಕ್ ಮಾತ್ರ ಇರುವವರು ಸಮಪಾಲು ಕೊಡಲು ಒಪ್ಪುವುದಿಲ್ಲ. ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಸಾಗಿಸುವ ಲಾರಿಯೂ ಇದೇ ದಾರಿ. ಹೇಗೆ ಹಂಚುವುದು?

ಬದಿಯಡ್ಕದಿಂದ: ಬೈಕಿನವರ ಮಾತಿನಲ್ಲಿ ನ್ಯಾಯ ಉಂಟು. ಆಕ್ಸಲ್ ಭಾರ, ಅಂದರೆ ಗಾಡಿಯ ಒಂದು ಅಚ್ಚಿನ ಚಕ್ರಗಳ ಮೇಲಿನ ಭಾರ, ಎರಡು ಪಟ್ಟಾದರೆ ರಸ್ತೆಗೆ ಹಾನಿ ಹೆಚ್ಚುಕಡಿಮೆ 16 ಪಟ್ಟು. ಅದು ಡಾಂಬರು, ಕಾಂಕ್ರೀಟು ರಸ್ತೆಯ ಲೆಕ್ಕ. ಒದ್ದೆ ಮಣ್ಣಿನ ಅವಸ್ಥೆ ಕೇಳುವುದೇ ಬೇಡ. ಆದರೆ ಮಳೆನೀರು ಯಾರ ಗಾಡಿ ಅಂತ ನೋಡುವುದಿಲ್ಲವಲ್ಲ. ಹಾಗಾಗಿ ಚರಂಡಿ, ಮೋರಿಯ ಖರ್ಚು ಮನೆಗಿಷ್ಟು ಅಂತ ಸಮ ಮಾಡಿ. ಮೇಲ್ಮೈ ಖರ್ಚು ಗಾಡಿ ಲೆಕ್ಕ: ಬೈಕಿಗೆ 1 ಪಾಲು, ಕಾರಿಗೆ 3, ಪಿಕಪ್‌ಗೆ 6. ಲಾರಿಗೆ ಲೋಡಿಗಿಷ್ಟು ಅಂತ. ಜೂನ್‌ನಿಂದ ಸೆಪ್ಟೆಂಬರ್ ತನಕ ಲಾರಿ ಬಾರದಂತೆ ದಾರಿಗೆ ಸರಪಳಿ ಹಾಕಿ.

ಕುಂಬಳೆಯಿಂದ: ದುಡ್ಡಿಗೆ ಮೊದಲು ನೀರು ನೋಡಿ ಮಾರಾಯ್ರೆ. ಜೇಸಿಬಿಯವರು ಮಟ್ಟಸ ಕೆರೆದು ಹೋದರೆ ರಸ್ತೆಯೇ ತೋಡಾಗ್ತದೆ. 3 ಮೀಟರ್ ಅಗಲಕ್ಕೆ ನಡು 7–8 ಸೆಂಟಿಮೀಟರ್ ಏರಿರಬೇಕು. ಇಳಿಜಾರಿನಲ್ಲಿ 20–25 ಮೀಟರಿಗೊಂದು ಓರೆ ದಿಣ್ಣೆ, ನೀರು ಬದಿಗೆ ಹೋಗಲಿಕ್ಕೆ. ನೀರು ಕೆಳಗಿನವರ ಅಡಿಕೆ ತೋಟಕ್ಕೆ ನುಗ್ಗದಂತೆ ತಿರುಗಿಸಿ, ಇಲ್ಲದಿದ್ದರೆ ಹೊಸ ಜಗಳ. ಮುರಕಲ್ಲಿನ ಚೂರು 10 ಸೆಂಟಿಮೀಟರ್ ಹರಡಿ, ನೀರು ಚಿಮುಕಿಸಿ ರೋಲರ್ ಓಡಿಸಿ. ನವೆಂಬರಿನಲ್ಲಿ, ಮಣ್ಣಲ್ಲಿ ಪಸೆ ಇರುವಾಗಲೇ ಮಾಡಿ. ಮಾರ್ಚಿನಲ್ಲಿ ಮಾಡಿದ್ದು ಮೊದಲು ಧೂಳು, ಆಮೇಲೆ ಕೆಸರು.

ಮಂಜೇಶ್ವರದಿಂದ: ರಸ್ತೆ ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಸೇರಿದೆಯಾ ಅಂತ ಮೊದಲು ವಿಚಾರಿಸಿ. ಸೇರಿದ್ದರೆ ನೀವು ಶುಲ್ಕ ಎತ್ತುವಂತಿಲ್ಲ, ಸರಪಳಿಯನ್ನೂ ಹಾಕುವಂತಿಲ್ಲ. ಖಾಸಗಿಯೇ ಆದರೆ ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ, ರಸೀದಿ ಪುಸ್ತಕ. ಅಡಿಕೆ ಮಾರಿದ ಕೈಯಲ್ಲಿ ದುಡ್ಡಿರುವಾಗಲೇ ಎತ್ತಿ.